ಉಸಿರಿನ ಅಳತೆ

ಮೂರನೆಯ ಸಲವೂ ಅದೇ ಸಪ್ಪೆ ನಾದ ಬಂದಾಗ ರಸೆಲ್ ಸಿಂಥಸೈಜರ್ ವಾದ್ಯದ ಕೀಲಿಯಿಂದ ಬೆರಳು ತೆಗೆದ. ಎರಡು ದಿನದಿಂದ ಮಾಡಿದ್ದನ್ನೇ ಮಾಡುತ್ತಿದ್ದ. ಹೆಚ್ಚುಕಡಿಮೆ ಹಳೆಯ ನಾದವೇ, ಆದರೆ ಜೀವವಿಲ್ಲ, ತಟ್ಟೆಯಲ್ಲಿ ತಣ್ಣಗಾದ ಗ್ರೇವಿಯ ಹಾಗೆ. ನಾಡಿದ್ದು ಶನಿವಾರ ಶೆಫೀಲ್ಡಿನ ದೊಡ್ಡ ಸಭಾಂಗಣದಲ್ಲಿ 'ಪೇಪರ್ ಫರ್ನೇಸ್' ಬ್ಯಾಂಡಿನ ನಲವತ್ತನೇ ವರ್ಷದ ಕಾರ್ಯಕ್ರಮ. ಆ ಹೆಸರಿನಡಿ ಇರುವುದು ಇಬ್ಬರೇ. ಹಿಂದೆ ನಿಂತು ನುಡಿಸುವ ರಸೆಲ್, ಮುಂದೆ ನಿಂತು ಹಾಡುವ ಗ್ಲೆನಿಸ್.

ತಪ್ಪು ಅವನದೇ. ಅವರ ಹಾಡುಗಳ ನಾದಗಳನ್ನೆಲ್ಲ ಯಂತ್ರದೊಳಗಿನ ಬಟನ್ನಿನಷ್ಟು ದೊಡ್ಡ ಬ್ಯಾಟರಿಯೊಂದು ನೆನಪಿಟ್ಟುಕೊಂಡಿತ್ತು. ಅದು ಹಳತಾಯಿತೆಂದು ರಸೆಲ್ ಬಿಚ್ಚಿ ಹೊಸದನ್ನು ಹಾಕಿದ. ಬಿಚ್ಚುವ ಮೊದಲು ನಾದಗಳ ನಕಲನ್ನು ಬೇರೆ ಕಡೆ ಇಳಿಸಿಕೊಳ್ಳಬೇಕೆಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಅವನಿಗೂ ಗೊತ್ತಿತ್ತು. ಆದರೆ ಮಾಡಿದವನು ನಾನೇ, ನನಗೆ ಬಾಯಿಪಾಠವಿಲ್ಲವೇ ಎಂದುಕೊಂಡಿದ್ದ. ಬ್ಯಾಟರಿ ಕೈಗೆ ಬಂದ ಗಳಿಗೆಯಲ್ಲೇ ಯಂತ್ರ ಎಲ್ಲವನ್ನೂ ಮರೆತುಬಿಟ್ಟಿತು.

ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಗ್ಲೆನಿಸ್ ಮನೆಯ ಏರು ಹತ್ತಿದ. ಅವಳು ಮೊಮ್ಮಗಳ ಹಾಸಿಗೆ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ತುರುಕಿ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಏನದು, ಹೆಣಾನಾ?" ಅಂದಳು ಅವನು ಹೊತ್ತು ತಂದ ಕಂಬಳಿಯ ಗಂಟು ನೋಡಿ.

"ಹೆಚ್ಚೂ ಕಮ್ಮಿ ಹಾಗೇ." ನಿಂತೇ ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ಆಲೂಗಡ್ಡೆಯನ್ನು ಸುಲಿದು ಮುಗಿಸಿ ನೀರಿಗೆ ಹಾಕಿದಳು.

"ಟೀ ಕುಡಿದ್ಯಾ?"

"ಗ್ಲೆನಿಸ್, ಅಷ್ಟೂ ಹೋಯ್ತು ಅಂತಿದೀನಿ."

"ಕೇಳಿಸ್ತು. ಟೀ ಕುಡಿದ್ಯಾ ಅಂತ ಕೇಳ್ದೆ." ಕೆಟಲ್ ಹಾಕಿ ಅವನ ಕಡೆ ತಿರುಗಿದಳು. "ನಾನೇನು ಮಾಡ್ಲಿ ಮಾರಾಯ? ನಾದ ಎಲ್ಲ ತಯಾರಾದ ಮೇಲೆ ಗ್ಲೆನಿಸ್ ಬರ್ತಾಳೆ ಅಂತ ಪೇಪರಿನವರಿಗೆ ಹೇಳಿದ್ಯಲ್ಲ. ತಯಾರು ಮಾಡು, ಬರ್ತೀನಿ."

ಆ ಹಳೆಯ ಸಂದರ್ಶನವನ್ನು ಅವಳು ಓದಿದ್ದಾಳೆಂದೇ ಅವನಿಗೆ ಗೊತ್ತಿರಲಿಲ್ಲ. "ಇಪ್ಪತ್ತೆರಡು ವರ್ಷದ ಹುಡುಗ ಹೇಳಿದ ಮಾತದು."

"ಮೂವತ್ತೈದರಲ್ಲೂ ನೀನು ಅದನ್ನೇ ಹೇಳಿದ್ದೆ. ಹೋಗ್ಲಿ ಬಿಡು. ಸಕ್ಕರೆ ಇನ್ನೂ ಎರಡು ಚಮಚಾನಾ?"

ಊಟದ ಮೇಜಿನ ಮೇಲಿದ್ದ ಬಣ್ಣದ ಪೆನ್ಸಿಲುಗಳನ್ನು ಸರಿಸಿ ಅವಳು ಯಂತ್ರಕ್ಕೆ ಜಾಗ ಮಾಡಿದಳು. ಅವನು ಮೊದಲ ಹಾಡಿನ ಮೊದಲ ನಾದವನ್ನು ನುಡಿಸಿದ. ಗೋಡೆಯಾಚೆಯಿಂದ ಪಕ್ಕದ ಮನೆಯ ಮುದುಕಿ ಕೂಗಿದಳು: "ಗ್ಲೆನಿಸ್, ನಿನ್ನ ಫ್ರಿಜ್ ನರಳ್ತಿದೆ, ನೋಡು."

"ಫ್ರಿಜ್ ಅಲ್ಲ, ರಸೆಲ್," ಎಂದು ಇವಳೂ ಕೂಗಿದಳು. ಆಮೇಲೆ ದನಿ ತಗ್ಗಿಸಿ, "ಬೇಗ ಬಂತು ಅದು," ಅಂದಳು.

"ಯಾವುದು ಬೇಗ?"

"ನಾದ. ಬಾಗಿಲು ತಟ್ಟದೇ ಒಳಗೆ ನುಗ್ಗಿದ ಹಾಗೆ. ಮೊದಲು ನಾನು ಉಸಿರು ತಗೋಬೇಕಲ್ಲ? ನಾನು ತಗೊಳ್ತಾ ತಗೊಳ್ತಾ ಅದು ಏಳ್ಬೇಕು. ನಂದು ತುಂಬಿದಾಗ ಅದೂ ತುಂಬ್ಬೇಕು. ನುಡಿಸು, ತೋರಿಸ್ತೀನಿ."

ಅವನು ಒತ್ತಿದ. ಅವಳು ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟು ಉಸಿರೆಳೆದಳು. "ಇನ್ನೂ ಇಲ್ಲ. ಇನ್ನೂ ಇಲ್ಲ. ಹಾಂ, ಇಲ್ಲಿ."

'ಇನ್ನೂ ಇಲ್ಲ' ಎಂಬ ಆ ಮಾತು ಅವನನ್ನು ತಡೆದು ನಿಲ್ಲಿಸಿತು. ಅವಳ ತಾಯಿಯ ಮನೆಯ ಕಲ್ಲಿದ್ದಲು ತುಂಬಿಡುವ ನೆಲಮಾಳಿಗೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹದಿನೆಂಟು ದಾಟಿರದ ಗ್ಲೆನಿಸ್ ಇದನ್ನೇ ಹೇಳುತ್ತಿದ್ದಳು. ಚಮಚಗಳಿಗೆ ಮೆರುಗು ಕೊಡುವ ಕಾರ್ಖಾನೆಯಿಂದ ನೇರ ಬರುತ್ತಿದ್ದಳು, ಕೈಯೆಲ್ಲ ಕಪ್ಪು. ಅವಳು ಬೇಡವೆಂದಾಗೆಲ್ಲ ಅವನು ಯಂತ್ರದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಹುಡುಗಿ ಏನೋ ಗೊಣಗುತ್ತಾಳೆ, ನಾದ ಮಾಡುತ್ತಿರುವವನು ನಾನು ಎಂದುಕೊಂಡಿದ್ದ. ಅಷ್ಟೂ ವರ್ಷ ಹಾಗೆಯೇ ಅಂದುಕೊಂಡಿದ್ದ. ಎರಡು ದಿನದಿಂದ ಅವನ ಕೋಣೆಯಲ್ಲಿ ಇಲ್ಲದೇ ಹೋದದ್ದು ಆ ಗೊಣಗಾಟವೊಂದೇ.

ಅರ್ಧ ಗಂಟೆ ಹಿಡಿಯಿತು. ಅವಳು ಆಲೂಗಡ್ಡೆ ಹೆಚ್ಚುತ್ತ, ನಡುವೆ ನಿಲ್ಲಿಸಿ ಉಸಿರೆಳೆಯುತ್ತ, "ಸ್ವಲ್ಪ ತಡ," "ಅಷ್ಟು ಬೇಡ," ಎನ್ನುತ್ತ ಹೋದಳು. ಕೊನೆಗೊಮ್ಮೆ ಅವನು ಕೀಲಿ ಒತ್ತಿದಾಗ ನೆಲದಡಿಯಿಂದ ಬಂದಂತೆ ಆ ಹಳೆಯ ನಾದ ಎದ್ದಿತು, ಕಬ್ಬಿಣ ಕಾಯುವಾಗಿನ ಕೆಂಪಿನ ಹಾಗೆ.

"ಬಂತು," ಅಂದ ರಸೆಲ್. ಇದನ್ನು ಉಳಿಸಿಕೊಳ್ಳಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಬೆರಳು ಅದರ ಮೇಲೆ ಹೋಯಿತು.

"ತಡಿ," ಅಂದಳು ಗ್ಲೆನಿಸ್. ಕೈ ಒರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. "ಅದೇ ಇದು, ಸುಳ್ಳಲ್ಲ. ಆದ್ರೆ ಇದು ನನ್ನ ಹಳೇ ಉಸಿರು, ರಸೆಲ್. ಆರೇಳು ವರ್ಷದಿಂದ ಉಸಿರೆಳೆಯೋಕೆ ಇಷ್ಟು ಹೊತ್ತು ನಂಗೆ ಸಾಲ್ತಿಲ್ಲ. ಪ್ರತಿ ಹಾಡು ಶುರುವಾಗುವಾಗ ಹೊರಟ ಬಸ್ಸಿನ ಹಿಂದೆ ಓಡಿದ ಹಾಗಾಗುತ್ತೆ."

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳೋದು? ಜನ ಬರೋದೇ ಆ ನಾದಕ್ಕೆ. ಮುದುಕಿ ಎದೆ ಸಣ್ಣದಾಯ್ತು, ನಾದ ಬದಲಾಯಿಸು ಅನ್ಲಾ? ಈ ಶನಿವಾರ ಆದ ಮೇಲೆ ಹಾಡೋದು ಸಾಕು ಅಂತ ತೀರ್ಮಾನ ಮಾಡಿದ್ದೆ. ಇವತ್ತು ಊಟ ಆದ್ಮೇಲೆ ನಿಂಗೆ ಹೇಳೋಣ ಅಂತಿದ್ದೆ." ಅವಳು ಮೇಜಿನ ಮೇಲಿದ್ದ ಸಿಪ್ಪೆಯ ಚೂರೊಂದನ್ನು ಎತ್ತಿ ಬದಿಗಿಟ್ಟಳು. "ನೀನು ಆ ಬ್ಯಾಟರಿ ಕಿತ್ತೆ ಅಂದಾಗ ಬೈಬೇಕಿತ್ತು. ಬೈಗುಳ ಬಾಯಿಗೆ ಬರ್ಲೇ ಇಲ್ಲ. ಒಳಗೊಳಗೇ ದೇವ್ರೇ ನೀನು ದೊಡ್ಡವನು ಅಂದ್ಕೊಂಡೆ."

ರಸೆಲ್ ಬಹಳ ಹೊತ್ತು ಆ ಗುಂಡಿಯನ್ನೇ ನೋಡಿದ. ಆಮೇಲೆ ಬೆರಳನ್ನು ಹಿಂದಕ್ಕೆ ತೆಗೆದು, ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿದ. ಉಳಿಸಿಕೊಳ್ಳದಿದ್ದ ನಾದ ಹೋಯಿತು.

"ಏ, ಏನ್ ಮಾಡ್ದೆ?"

"ಈಗ ಎಷ್ಟು ಹೊತ್ತು ಬೇಕು ಹೇಳು."

"ಜನ ಬೈತಾರೆ."

"ಬೈಲಿ. ನಾನು ಹಿಂದೆ ನಿಂತಿರ್ತೀನಿ, ಮುಂದೆ ನಿಂತವ್ರಿಗೆ ಮೊದಲು ಕೇಳ್ಸೋದು."

ಅವಳು ನಕ್ಕಳು. ನಗುತ್ತ ಕೆಮ್ಮಿದಳು. ಅವನು ತನ್ನ ಲೋಟವನ್ನು ಅವಳತ್ತ ಸರಿಸಿ, ಅವಳ ಮುಖ ನೋಡದೆ, "ನೀನಿಲ್ಲದೆ ಎರಡು ದಿನ ಒದ್ದಾಡ್ದೆ ಕಣೇ. ಒಂದೂ ಬರ್ಲಿಲ್ಲ," ಅಂದ. "ಇದನ್ನ ನಾನು ಯಾವತ್ತೋ ಹೇಳ್ಬೇಕಿತ್ತು. ಥ್ಯಾಂಕ್ಸ್."

"ಥೂ, ಇದರಲ್ಲಿ ಎರಡು ಚಮಚ ಅಲ್ಲ, ಮೂರು ಸಕ್ಕರೆ ಹಾಕ್ಬಿಟ್ಟಿದೀನಿ," ಎನ್ನುತ್ತ ಅವಳು ಅವನ ಟೀಯನ್ನು ಪೂರ್ತಿ ಕುಡಿದಳು.

ಅಷ್ಟರಲ್ಲಿ ವಾಷಿಂಗ್ ಮಷೀನು ಕೊನೆಯ ಸುತ್ತು ಸುತ್ತಿ ನಿಂತಿತು. ಮಳೆಯಿಲ್ಲದ ಹೊತ್ತನ್ನು ಕಳೆದುಕೊಳ್ಳುವಂತಿರಲಿಲ್ಲ. ಅವಳು ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಒರಗಿಸಿಕೊಂಡು ಹಿತ್ತಲಿಗೆ ನಡೆದಳು. "ಕಿಟಕಿ ತೆಗೆದಿಟ್ಟು ನುಡಿಸ್ತಿರು. ಅಲ್ಲಿಂದ್ಲೇ ಹೇಳ್ತೀನಿ."

ಅವಳು ಹಗ್ಗದ ಮೇಲೆ ಬಿಳಿಯ ಹೊದಿಕೆಯೊಂದನ್ನು ಎಸೆದು, ಸುಕ್ಕು ಬಿಡಿಸಿ, ಅವನಿಗೆ ಬೆನ್ನು ಮಾಡಿ ನಿಂತಳು. ರಸೆಲ್ ಕೀಲಿ ಒತ್ತಿ ತಿರುಪನ್ನು ಹಿಡಿದುಕೊಂಡ. ಅವಳ ಭುಜಗಳು ಮೆಲ್ಲಗೆ ಮೇಲೇಳತೊಡಗಿದವು. ಅವನು ಕಣ್ಣು ಕೀಳದೆ ನೋಡುತ್ತ ಕಾದ. ಗಾಳಿಗೆ ಹೊದಿಕೆ ಉಬ್ಬಿತು. ಅವಳಿಗೆ ಈಗ ಯಾವ ಅವಸರವೂ ಇರಲಿಲ್ಲ.