ಕೆಂಪು ಗುಂಡಿ

ಬಾಗಿಲಿನ ಸಂದಿಗೆ ಸಲಾಕೆ ತೂರಿಸಿ ಮೆಕ್ಯಾನಿಕ್ ಮೈಭಾರವನ್ನೆಲ್ಲ ಹಾಕಿ ಮೀಟಿದ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನೊಳಗಿಂದ ಬಿಸಿಗಾಳಿ ಮುಖಕ್ಕೆ ರಾಚಿತು. "ಅಕ್ಕಾ, ಬಂದೆ, ಬಂದೆ," ಎಂದು ಕೂಗುತ್ತಲೇ ಒಳಗಿಳಿದ. ಕಸ ಗುಡಿಸುವ ಹೆಂಗಸು ಕೆಂಪು ಗುಂಡಿಯ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಉಸಿರಿರಲಿಲ್ಲ.

ಆ ಗುಂಡಿ ಒತ್ತಿದರೆ ಕರೆ ನೇರ ತನ್ನ ಫೋನಿಗೆ ಬರುವಂತೆ ಜೋಡಿಸಿದವನು ಅವನೇ. ಉಬ್ಬಸದವಳು, ಲಿಫ್ಟೆಂದರೆ ಹೆದರಿ ಬಕೆಟ್ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದಳು. ಇವನೇ ಧೈರ್ಯ ತುಂಬಿದ್ದ.

"ಇದನ್ನ ಒತ್ತಕ್ಕಾ, ಸಾಕು. ಊಟಕ್ಕೆ ಕೂತಿದ್ರೂ ಕೈ ತೊಳ್ಕೊಂಡು ಓಡಿ ಬರ್ತೀನಿ."

"ಕೈ ಯಾಕಪ್ಪಾ ತೊಳೀತೀಯ, ಹಂಗೇ ಬಾ," ಎಂದು ನಕ್ಕಿದ್ದಳು.

ಇವತ್ತು ಆಫೀಸುಗಳಿಗೆಲ್ಲ ರಜೆ. ಅವಳೊಬ್ಬಳೇ ನೆಲ ಒರೆಸಲು ಬಂದಿದ್ದಳು. ಫೋನು, ಔಷಧಿ ಇದ್ದ ಚೀಲ ಕೆಳಗಿನ ಕೋಣೆಯಲ್ಲೇ ಉಳಿದಿತ್ತು. ಇತ್ತ ಮೆಕ್ಯಾನಿಕ್, ಬೆಳಗಿನಿಂದ ಒಂದೂ ಕರೆ ಬರಲಿಲ್ಲವೆಂದು ಹಿಗ್ಗಿ, "ದೇವರು ಕಣ್ಬಿಟ್ಟ ಕಣೇ," ಎಂದು ಹೆಂಡತಿಗೆ ಹೇಳಿ, ಹೊಟ್ಟೆ ಬಿರಿಯ ಉಂಡು ಮಲಗಿದ್ದ. ಸಂಜೆ ಪಾಳಿಗೆ ಬಂದ ವಾಚ್‌ಮನ್ ಲಿಫ್ಟ್ ನಿಂತದ್ದನ್ನು ಕಂಡು, ಫೋನ್ ಹತ್ತದೆ, ಮನೆಗೇ ಓಡಿ ಬಂದು ಬಾಗಿಲು ಬಡಿದ. ಆಗ ನೋಡಿದರೆ ಫೋನಿನಲ್ಲಿ ಸಿಗ್ನಲ್ಲೇ ಇಲ್ಲ. ತಾನು ಗೊರಕೆ ಹೊಡೆಯುತ್ತಿದ್ದಾಗ ಅವಳು ಗುಂಡಿ ಒತ್ತುತ್ತಿದ್ದಳು.

ಹೆಣ ಕೆಳಗಿಳಿಸುವ ಹೊತ್ತಿಗೆ ಮೆಕ್ಯಾನಿಕ್‌ನ ಹೆಂಡತಿ ಬಂದಳು. ಹಿಂದೆಯೇ ಅವಳ ತಮ್ಮ. ಒಂದು ಸಿಮ್ ಕಂಪನಿಯ ಫೋನ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವನ ಮುಖ ಬಿಳಿಚಿಕೊಂಡಿತ್ತು.

"ಭಾವ, ನಿಮ್ಮ ನಂಬರ್‌ನ ನಾನೇ ನಮ್ಮ ಕಂಪನಿಗೆ ಬದಲಾಯಿಸ್ಬಿಟ್ಟೆ. ಮೊನ್ನೆ ಫೋನ್ ಸರಿ ಮಾಡ್ಕೊಡ್ತೀನಿ ಅಂತ ತಗೊಂಡಿದ್ನಲ್ಲ, ಆಗ. ಈ ತಿಂಗಳ ಟಾರ್ಗೆಟ್‌ಗೆ ಒಂದು ನಂಬರ್ ಕಮ್ಮಿ ಬಿದ್ದಿತ್ತು."

"ನನ್ನನ್ನ ಒಂದು ಮಾತು ಕೇಳಿದ್ಯೇನೋ?"

"ಮನೆಯವರೇ ಅಲ್ವಾ ಅಂತ... ನಂಬರ್ ಅದೇ ಇರತ್ತೆ ಭಾವ. ಹೊಸ ಸಿಮ್ ಇವತ್ತು ರಾತ್ರಿ ತರೋನಿದ್ದೆ. ಅಲ್ಲೀವರೆಗೂ ಹಳೇದು ನಡಿಯತ್ತೆ ಅಂದ್ಕೊಂಡಿದ್ದೆ, ಮೊದಲೇ ಕಟ್ಟಾಗ್ಬಿಟ್ಟಿದೆ."

ಮೆಕ್ಯಾನಿಕ್ ಕೈ ಎತ್ತಿದ. ಹೆಂಡತಿ ಗಂಡನ ತೋಳು ಬಿಗಿಯಾಗಿ ಹಿಡಿದು ಪಿಸುಗುಟ್ಟಿದಳು. "ಫೋನ್ ಕೆಟ್ಟಿತ್ತು ಅಂದ್ಬಿಡಿ. ಇವನು ಜೈಲಿಗೆ ಹೋದ್ರೆ ನಮ್ಮಮ್ಮ ಉಳಿಯಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಸತ್ತವಳ ಗಂಡ ಬಂದ. ಹೆಣದ ಪಕ್ಕ ಕೂತು ಅವಳ ಕೂದಲು ಹಿಂದಕ್ಕೆ ಸರಿಸಿದ. ಆಮೇಲೆ ಎದ್ದು ಮೆಕ್ಯಾನಿಕ್ ಎದುರು ನಿಂತ. ಕೂಗಾಡಲಿಲ್ಲ.

"ಗುಂಡಿ ಒತ್ತಿದ್ರೆ ನೀವು ಬರ್ತೀರಿ ಅಂತಿದ್ಲು. ಒತ್ಲಿಲ್ವಾ ಅವಳು?"

ಮೆಕ್ಯಾನಿಕ್ ಹೆಂಡತಿಯ ಕಡೆ ನೋಡಿದ. ಫೋನ್ ಕೆಟ್ಟಿತ್ತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹಾಗಂದುಬಿಟ್ಟರೆ ಮುಗಿದುಹೋಗುತ್ತಿತ್ತು.

"ಒತ್ತಿದಾಳೆ," ಎಂದ. "ಒತ್ತದೆ ಇರ್ತಾಳಾ? ನನಗೆ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಅಂತ ಇವನು ಹೇಳ್ತಾನೆ."

ಭಾವಮೈದುನನ ರಟ್ಟೆ ಹಿಡಿದು ಮುಂದಕ್ಕೆ ಎಳೆದು ನಿಲ್ಲಿಸಿದ.

ಹೆಂಡತಿಯ ಕೈ ಗಂಡನ ತೋಳನ್ನು ಬಿಟ್ಟಿತು. ಅವಳು ಹೋಗಿ ತಮ್ಮನ ಪಕ್ಕದಲ್ಲಿ ನಿಂತಳು, ಇವನಿಗೆ ಬೆನ್ನು ಹಾಕಿ.