ಬಿಚ್ಚಿಕೊಳ್ಳಬೇಕಾದ ಹೊಲಿಗೆ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಬೆಳಗ್ಗೆ ಅಂಗಡಿಗಳ ಷಟರ್ ಏಳುವ ಹೊತ್ತು. ಕಾರಿನ ಸೀಟು ಹೊಲಿಯುವ ಯಜಮಾನರು ತಮ್ಮ ಷಟರನ್ನು ಅರ್ಧ ಎತ್ತಿದ್ದರೋ ಇಲ್ಲವೋ, ಅದರಡಿ ಬಗ್ಗಿ ಒಬ್ಬರು ಒಳಗೆ ನುಗ್ಗಿದರು. ಬೀಗರು, ಮಗಳ ಮಾವ.

"ಎಲ್ರೀ ಕಾರು?"

ಕ್ಷೇಮ ಸಮಾಚಾರ ಒಂದೂ ಇಲ್ಲ.

ಬೀದಿಯವರು ಈ ಬೀಗರಿಗೆ ಇಟ್ಟ ಹೆಸರು ಪಿಕಪ್ ಬೀಗರು. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಆಯುಷ್ಯವೆಲ್ಲ ಮೇಲಕ್ಕೂ ಕೆಳಕ್ಕೂ ಓಡಾಡಿದ್ದಕ್ಕೋ ಏನೋ, ಉದ್ದಕ್ಕೆ ಓಡುವ ಗಾಡಿ ಎಂದರೆ ಅವರಿಗೆ ಪ್ರಾಣ. ಸ್ವಂತಕ್ಕೆ ಒಂದು ಕಾರಿಲ್ಲ. ಅಭಿಪ್ರಾಯ ಮಾತ್ರ ಗ್ಯಾರೇಜು ತುಂಬುವಷ್ಟು; ಯಾವ ಗಾಡಿ ಕಂಡರೂ ಅದರ ಪಿಕಪ್, ಅಂದರೆ ವೇಗ ಹಿಡಿಯುವ ಕಸುವು, ಹೇಗಿದೆ ಎಂದು ಹೇಳದೆ ಬಿಡರು.

ಕಾರು ಹಿತ್ತಲಲ್ಲಿ ನಿಂತಿತ್ತು. ಅದು ಯಜಮಾನರ ಮಗಳದು. ನರ್ಸಾಗಿದ್ದ ಅವಳಿಗೆ ದೂರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅಳಿಯ ಮೊದಲೇ ಹೋಗಿ ಮನೆ ಹಿಡಿದಿದ್ದ. ವಾರದ ಕೊನೆಗೆ ಅವಳೇ ಕಾರು ಓಡಿಸಿಕೊಂಡು ಹೋಗುವವಳು. ಅಪ್ಪನ ಉಡುಗೊರೆ ಇರಲಿ ಎಂದು ಯಜಮಾನರು ಸೀಟುಗಳಿಗೆ ಕಂದು ಬಣ್ಣದ ಹೊಸ ಹೊದಿಕೆ ಹೊಲಿದು, ಹಿಂದಿನ ದಿನವೇ ತೊಡಿಸಿ ಮುಗಿಸಿದ್ದರು. ಅವರ ಹೊಲಿಗೆ ಬಿಟ್ಟಿತೆಂದು ಇದುವರೆಗೆ ಯಾರೂ ವಾಪಸು ಬಂದದ್ದಿಲ್ಲ.

ಬೀಗರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಮುಖ ನೋಡಿ ಬೀಗರೇ! ಈಗಿನ ಕಾರುಗಳೆಲ್ಲ ಜಗಳಕ್ಕೆ ನಿಂತೋರ ಹಾಗೆ ಕಣ್ಣು ಕಿರಿದು ಮಾಡ್ಕೊಂಡಿರ್ತವೆ. ಇದು ಪರವಾಗಿಲ್ಲ, ಮದುವೆಗೆ ಬಂದಂಗಿದೆ. ಆದ್ರೆ ಹಿಂದಿನ ಗಾಜು ನೋಡಿ, ಟಪಾಲು ಡಬ್ಬಿ ಬಾಯಿ! ಚಂದ ಮಾಡೋಕೆ ಹೋಗಿ ಕುರುಡು ಮಾಡಿಟ್ಟಿದಾರೆ."

"ಓಟ ಹೇಗಂತೆ?" ಯಜಮಾನರು ಮಾತಿಗೆ ಮಾತೆಂದು ಕೇಳಿದರು.

"ಲಾರಿ ದಾಟೋವಾಗ ಕೈ ಕೊಡಲ್ಲ, ಪಿಕಪ್ ಇದೆ. ಆದ್ರೆ ನೂರಕ್ಕೆ ಎಷ್ಟು ಬೇಗ ಹೋಗುತ್ತೆ ಅಂತ ಊರೆಲ್ಲ ಕೇಳುತ್ತೆ. ನೂರರಿಂದ ಎಷ್ಟು ಬೇಗ ನಿಲ್ಲುತ್ತೆ ಅಂತ ಕೇಳೋನು ನಾನೊಬ್ನೇ!"

ಯಜಮಾನರು ಬಾನೆಟ್ಟಿನ ಮೇಲೆ ಬೆರಳಲ್ಲಿ ತಟ್ಟಿದರು. "ತಗಡು ತೆಳು ಬೀಗರೇ. ನಮ್ಮ ಕಾಲದ ಕಾರು ಗುದ್ದಿದ್ರೆ ಗೋಡೆ ಬೀಳ್ತಿತ್ತು."

"ಗೋಡೆ ಬೀಳ್ತಿತ್ತು, ಒಳಗಿದ್ದೋನೂ ಏಳ್ತಿರಲಿಲ್ಲ! ಮೂತಿ ನುಜ್ಜುಗುಜ್ಜಾಗಬೇಕು ಸ್ವಾಮಿ. ಏಟು ಅಲ್ಲೇ ಸುಸ್ತಾಗಬೇಕು. ನಾವು ಕೂರೋ ಗೂಡು ಮಾತ್ರ ಅಲ್ಲಾಡಬಾರದು."

ಹೀಗೆನ್ನುತ್ತ ಬೀಗರು ಬಾಗಿಲು ತೆಗೆದು ಕೂತರು. ಹೊಸ ಹೊದಿಕೆಯನ್ನು ಸವರಿ ಸಂತೋಷಪಟ್ಟರು. ಕೈ ಬಾಗಿಲ ಕಡೆಯ ಪಕ್ಕೆಗೆ ಬಂದದ್ದೇ ನಿಂತುಬಿಟ್ಟಿತು.

"ಇಲ್ಲಿ ಏರ್‌ಬ್ಯಾಗ್ ಅಂತ ಒಂದು ಚೀಟಿ ಇತ್ತಲ್ಲ?"

"ಇತ್ತು. ಎರಡೆಳೆ ನೈಲಾನ್ ದಾರದಲ್ಲಿ ಹೊಲಿದು ಪೂರ್ತಿ ಮುಚ್ಚಿದೀನಿ," ಎಂದರು ಯಜಮಾನರು, ಮೀಸೆಯಡಿ ನಗುತ್ತ.

"ಅಯ್ಯಯ್ಯೋ! ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ಇಲ್ಲಿಂದ ಚೀಲ ಚಿಮ್ಮಬೇಕು ಕಣ್ರೀ, ನಿಮ್ಮ ಮಗಳ ಪಕ್ಕೆಗೂ ಬಾಗಿಲಿಗೂ ಮಧ್ಯೆ. ನೀವು ಅದರ ಬಾಯಿ ಹೊಲಿದಿಟ್ಟಿದೀರಲ್ಲ!"

"ಅಷ್ಟು ಜೋರಿನ ಚೀಲ ದಾರಕ್ಕೆ ಹೆದರುತ್ತಾ? ಹರ್ಕೊಂಡು ಬರುತ್ತೆ ಬಿಡಿ."

"ನಿಮ್ಮ ದಾರ ಹರಿಯುತ್ತಾ?"

ಹರಿಯುತ್ತದೆ ಎನ್ನಲು ಯಜಮಾನರ ಕಸುಬು ಬಿಡದು. ಹರಿಯುವುದಿಲ್ಲ ಎಂದರೆ ಆ ಸೀಟಿನಲ್ಲಿ ಕೂರುವವಳು ಮಗಳು.

"ನೋಡೇಬಿಡೋಣ," ಎಂದು ಹೊದಿಕೆ ಬಿಚ್ಚಿದರು.

ಎದುರಿನ ಟೈರ್ ಅಂಗಡಿಯಲ್ಲಿ ಗಾಳಿ ಯಂತ್ರವಿತ್ತು. ಗುಜರಿಯ ಸೀಟೊಂದಕ್ಕೆ ಹೊದಿಕೆ ತೊಡಿಸಿ, ಪಕ್ಕೆಯೊಳಗೆ ಸ್ಕೂಟರಿನ ಟ್ಯೂಬು ಮಡಿಸಿಟ್ಟರು.

"ಬೀಗರಿಬ್ಬರೂ ಸೇರಿ ನನ್ನ ಅಂಗಡಿ ಹಾರಿಸ್ತೀರೇನಪ್ಪಾ?" ಎಂದು ಟೈರ್ ಅಂಗಡಿಯಾಕೆ ಗದರಿಸಿದಳು; ಗಾಳಿಯ ಕೊಳವೆ ಸಿಕ್ಕಿಸಿದವಳೂ ಅವಳೇ. ಬೀದಿ ಪೂರ್ತಿ ಅಲ್ಲಿಗೆ ಬಂತು.

ಗಾಳಿ ನುಗ್ಗಿತು. ಹೊಲಿಗೆ ಬಿಗಿಯಿತು, ಕಿರುಗುಟ್ಟಿತು, ಬಿಡಲಿಲ್ಲ. ದಾರಿ ಕಾಣದ ಟ್ಯೂಬು ಒಳಮುಖವಾಗಿ ಉಬ್ಬಿ, ಕೂರುವವರ ಬೆನ್ನಿಗೆ ಮೊಣಕೈ ಕೊಟ್ಟ ಹಾಗೆ ಸೀಟನ್ನು ಎತ್ತಿ, ಢಬ್ ಎಂದು ಒಳಗೇ ಒಡೆಯಿತು. ಒಂದೆಳೆಯೂ ಕದಲಿರಲಿಲ್ಲ.

"ಭಲೇ! ಹೊಲಿಗೆ ಅಂದ್ರೆ ಇದು!" ಎಂದು ಯಾರೋ ಚಪ್ಪಾಳೆ ಹೊಡೆದರು. ಯಜಮಾನರಿಗೆ ಆ ಹೊಗಳಿಕೆ ಕಾದ ಸೀಸದಂತೆ ಕಿವಿಗಿಳಿಯಿತು.

ಒಂದೇ ಎಳೆಯ ಹತ್ತಿ ದಾರದಲ್ಲಿ ಪಕ್ಕೆಯನ್ನು ಮತ್ತೆ ಹೊಲಿದು ತಂದು, ಬೇರೆ ಟ್ಯೂಬು ಇಟ್ಟರು. ಈ ಸಲ ದಾರ ಹರಿಯಿತು, ಆದರೆ ಟ್ಯೂಬು ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತು.

"ಇದು ನಿಧಾನಕ್ಕೆ ಬರೋ ಗಾಳಿ," ಎಂದರು ಬೀಗರು. "ನಿಜವಾದದ್ದು ಕಣ್ಣು ಮಿಟುಕೋದ್ರೊಳಗೆ ಬಂದು ಮುಗಿದಿರಬೇಕು. ಅರೆಬರೆ ಬಂದ್ರೆ ಬಂದ ಲೆಕ್ಕಕ್ಕಿಲ್ಲ."

ಯಜಮಾನರು ಕತ್ತರಿ ತಂದು, ತಾವೇ ಹೊಲಿದ ಪಕ್ಕೆಯನ್ನು ಮೇಲಿಂದ ಕೆಳಗಿನವರೆಗೆ ಕತ್ತರಿಸಿ ತೆಗೆದರು. ಅಂಚು ಮಡಿಸಿ ಹೊಲಿದರು. ಆ ಕಡೆ ಬಟ್ಟೆಯೂ ಇಲ್ಲ, ಪಟ್ಟಿಯೂ ಇಲ್ಲ.

"ಬಿಡಮ್ಮ ಗಾಳಿ!"

ಟ್ಯೂಬು ಹೆಡೆ ಎತ್ತಿದಂತೆ ಚಿಮ್ಮಿ, ಬಗ್ಗಿ ನೋಡುತ್ತಿದ್ದ ಬೀಗರ ಮೂಗಿಗೆ ಬಡಿದು ಕನ್ನಡಕ ಹಾರಿಸಿತು. ಬೀದಿ ಹೋ ಎಂದಿತು. ಬೀಗರು ಮೂಗು ಹಿಡಿದುಕೊಂಡೇ ಕುಣಿದರು: "ಬಂತು! ಬಂತು ನೋಡ್ರೀ!" ಯಜಮಾನರು ಅವರನ್ನು ತಬ್ಬಿ ಎತ್ತಿಯೇಬಿಟ್ಟರು.

ಇಳಿಸಿದ ಮೇಲೆ ಯಜಮಾನರ ಮುಖ ಸಣ್ಣಗಾಯಿತು. "ಬೀಗರೇ, ನಾನು ಇದೇ ಥರ ಹೊಲಿದುಕೊಟ್ಟ ಉಳಿದ ಕಾರುಗಳ ಗತಿ?"

"ಕರೆಸಿ," ಎಂದರು ಬೀಗರು. "ನಾನು ಬಿಚ್ಚಿ ಕೊಡ್ತೀನಿ, ನೀವು ಕತ್ತರಿಸಿ."

ಮಾರನೆಯ ದಿನದಿಂದ ಒಂದೊಂದೇ ಕಾರು ಬಂತು. ಟೈರ್ ಅಂಗಡಿಯಾಕೆ ಬೀದಿಯಲ್ಲಿ ಕಂಡ ಗಾಡಿಗಳನ್ನೆಲ್ಲ ಅಡ್ಡಗಟ್ಟಿ ಕಳಿಸಿದಳು. ಮಗಳು ತನ್ನ ಕಾರು ನೋಡಲು ಬಂದಾಗ ತೆರೆದ ಪಕ್ಕೆಗೆ ಕೈಹಾಕಿ, "ಅಪ್ಪಾ, ಬಟ್ಟೆ ಸಾಲಲಿಲ್ವಾ?" ಎಂದು ಕೆಣಕಿದಳು.

"ಸಾಕಾಗಿತ್ತು ಮಗಳೇ. ಅಲ್ಲಿ ಹೊಲಿಬಾರದು."

ಶುಕ್ರವಾರ ಬೆಳಗ್ಗೆ ಮಗಳು ಹೊರಟಳು. ಮಗನ ಹೊಸ ಮನೆ ನೋಡುವ ನೆಪದಲ್ಲಿ ಪಕ್ಕದ ಸೀಟಿನಲ್ಲಿ ಪಿಕಪ್ ಬೀಗರೂ ಹೊರಟರು.