ಅತ್ತೆ ಉರಿದುಬಿದ್ದಳು

"ಸೊಸೇನ ಸುಟ್ಟು ಅವಳ ಕಾಲ ಬುಡದಲ್ಲೇ ಬಂದು ಕೂತಿದ್ದೀಯಲ್ಲೇ ಮುದುಕಿ, ನಾಚಿಕೆ ಆಗಲ್ವಾ?"

ಪೊಲೀಸಿನವನು ಬೂಟಿನ ತುದಿಯಿಂದ ಅವಳ ಚೀಲವನ್ನು ಪಕ್ಕಕ್ಕೆ ತಳ್ಳಿದ. ದೊಡ್ಡಮ್ಮ ಆಸ್ಪತ್ರೆಯ ಮಂಚದ ಪಕ್ಕ ಕೂತು, ಸೊಸೆಯ ಕಾಲಿನ ಹೆಬ್ಬೆರಳಿಗೆ ಮೆತ್ತಿದ್ದ ನೀಲಿ ಶಾಯಿಯನ್ನು ಒರೆಸುತ್ತಿದ್ದಳು. ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದರಿಂದ ಹೇಳಿಕೆಗೆ ಕಾಲಬೆರಳನ್ನೇ ಒತ್ತಿಸಿಕೊಂಡಿದ್ದರು.

"ನಾನ್ಯಾಕಪ್ಪ ಸುಡ್ಲಿ? ಫ್ಯಾಕ್ಟರೀಲಿ ಆಗಿದ್ದು."

"ಅವಳೇ ಹೇಳಿದ್ದಾಳೆ, ಕೇಳು." ಅವನು ಹಾಳೆಯನ್ನು ದೂರ ಹಿಡಿದು ಓದಿದ. "ಅತ್ತೆ ಬಾಯಿಬಿಟ್ಟಳು. ನನ್ನ ಮೇಲೆ ಉರಿದುಬಿದ್ದಳು. ಇನ್ನೇನು ಬೇಕು?"

ಸೊಸೆ ಹೇಳಿದ ಅತ್ತೆ ಯಾರೆಂದು ದೊಡ್ಡಮ್ಮನಿಗೆ ಹೊಳೆಯಿತು.

ಸೊಸೆ ಸೌರಫಲಕದ ಕಾರ್ಖಾನೆಯಲ್ಲಿ ಗುತ್ತಿಗೆಯಾಳು. ಫಲಕದ ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕೂರಿಸಲು ಒಂದು ದ್ರವ ಬೇಕು. ಅದು ಉಕ್ಕಿನ ಸಿಲಿಂಡರಿನಲ್ಲಿ ಬರುತ್ತದೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಟ್ರೈಮೀಥೈಲ್ ಅಲ್ಯೂಮಿನಿಯಂ ಎಂದಿರುತ್ತದೆ. ನೋಡಲು ನೀರು. ಗಾಳಿ ತಾಕಿದರೆ ಸಾಕು, ಕಡ್ಡಿ ಗೀರುವುದೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಆರಿಸೋಣವೆಂದು ನೀರು ಹಾಕಿದರೆ ಸಿಡಿಯುತ್ತದೆ. ಸಿಲಿಂಡರು ಬದಲಿಸುವ ಹೆಂಗಸರ ನಾಲಿಗೆಗೆ ಆ ಉದ್ದದ ಹೆಸರು ಹೊರಳಲಿಲ್ಲ. ಗಾಳಿ ಸೋಕಿದರೂ ಉರಿಯುವುದು, ತಣ್ಣಗೆ ಮಾಡಲು ಹೋದರೆ ಇನ್ನಷ್ಟು ಉರಿಯುವುದು ಎಂದು ಸೊಸೆಯೇ ಅದನ್ನು 'ಅತ್ತೆ' ಎಂದು ಕರೆದಳು. ಹೆಸರು ನಿಂತುಬಿಟ್ಟಿತು.

ದೊಡ್ಡಮ್ಮ ಅದೇ ಕಾರ್ಖಾನೆಯಲ್ಲಿ ಅವರೆಲ್ಲರ ನಿಲುವಂಗಿ ಒಗೆಯುವವಳು. ಸುದ್ದಿ ಕಿವಿಗೆ ಬಿದ್ದ ದಿನ ಕೇಳಿಯೇಬಿಟ್ಟಿದ್ದಳು.

"ಏನೇ, ಆ ಡಬ್ಬಕ್ಕೆ ನನ್ನ ಹೆಸರು ಇಟ್ಟಿದ್ದೀಯಂತೆ?"

"ನಿನ್ನನ್ನ ನಾನು ಯಾವತ್ತು ಅತ್ತೆ ಅಂದಿದ್ದೀನಿ? ಅಮ್ಮ ಅಂತೀನಿ. ಆ ಹೆಸರು ಮನೇಲಿ ದಂಡಕ್ಕೆ ಬಿದ್ದಿತ್ತು, ಡಬ್ಬಕ್ಕೆ ಕೊಟ್ಟೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಗ ಸತ್ತ ಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ.

"ಸಾಹೇಬ್ರೇ, ಅತ್ತೆ ಅಂದ್ರೆ ನಾನಲ್ಲ. ಸಿಲಿಂಡರು."

"ಓಹೋ. ಸಿಲಿಂಡರು ಅತ್ತೆ, ಪೈಪು ಮಾವ. ನಾದಿನಿ ಯಾರು, ಅದನ್ನೂ ಹೇಳಿಬಿಡು, ಬರ್ಕೋತೀನಿ."

ಕಿಟಕಿಯ ಹತ್ತಿರ ನಿಂತಿದ್ದ ಕಾರ್ಖಾನೆಯ ಸೂಪರ್‌ವೈಸರ್ ನಕ್ಕ. ಮಾತಿಗೆ ಮುಂಚೆ ಮಣಿಕಟ್ಟು ನೋಡಿಕೊಳ್ಳುವ ಅವನನ್ನು ಆಳುಗಳು ಹಿಂದಿನಿಂದ ಗಡಿಯಾರ ಎನ್ನುತ್ತಿದ್ದರು.

"ಇವರನ್ನೇ ಕೇಳಿ," ಎಂದಳು ದೊಡ್ಡಮ್ಮ. "ಬಿಚ್ಚೋಕೆ ಮುಂಚೆ, ಒಳಗೆ ಉಳಿದದ್ದೆಲ್ಲ ಹೋಗೋ ಹಾಗೆ, ಪೈಪಿನೊಳಗೆ ನೈಟ್ರೋಜನ್ ಮೂವತ್ತು ಸಲ ಹಾಯಿಸ್ಬೇಕು. ಒಂದು ಗಂಟೆ ಹಿಡಿಯುತ್ತೆ. 'ಹತ್ತು ಸಲ ಆಯ್ತಲ್ಲ, ಬಿಚ್ಚೇ' ಅಂದವರು ಇವರೇ. ಜಾಯಿಂಟಿನಲ್ಲಿ ನಾಲ್ಕು ಹನಿ ಉಳಿದಿತ್ತು. ಆಂಬುಲೆನ್ಸಿನಲ್ಲಿ ಅವಳೇ ಹೇಳಿದ್ಳು."

"ಈಗ ಹೇಳ್ಸು," ಎಂದ ಗಡಿಯಾರ.

ಹೇಳಿಕೆ ಕೊಟ್ಟ ಮೇಲೆ ಸೊಸೆಯ ಗಂಟಲು ಊದಿತ್ತು. ಬಾಯಿಗೆ ಕೊಳವೆ ಇಳಿಸಿದ್ದರು.

"ಅವಳ ಕೂದಲಾದ್ರೂ ನೋಡಿ. ಬಿಳೀ ಪುಡಿ ಇದೆ. ಸೀಮೆಎಣ್ಣೆ ಬೆಂಕಿ ಮಸಿ ಬಿಡುತ್ತೆ, ಇದು ಬಿಳೀ ಬೂದಿ ಬಿಡುತ್ತೆ. ನೀರಲ್ಲಿ ಕರಗಲ್ಲ. ಇಂಥ ಬೂದಿ ಮೆತ್ತಿದ ಎಷ್ಟು ನಿಲುವಂಗಿ ತೋಳು ಉಜ್ಜಿದ್ದೀನಿ ನಾನು."

"ಹಿಟ್ಟು ಸಾರ್," ಎಂದ ಗಡಿಯಾರ. "ಅಡಿಗೆಮನೆ ಅಂದ್ಮೇಲೆ ಹಿಟ್ಟು ಇರಲ್ವಾ?"

ಡಾಕ್ಟರು ಬೆಳಿಗ್ಗೆಯೇ ಹೇಳಿ ಹೋಗಿದ್ದರು: ಸಂಜೆಯೊಳಗೆ ಸುಟ್ಟಗಾಯದ ಆಸ್ಪತ್ರೆಗೆ ಸಾಗಿಸದಿದ್ದರೆ ಕೈ ಉಳಿಯುವುದಿಲ್ಲ, ನಂಜೇರಿದರೆ ಜೀವವೂ. ಆ ಆಸ್ಪತ್ರೆ ಸೇರಿಸಿಕೊಳ್ಳಬೇಕಾದರೆ, ಕೆಲಸದಲ್ಲಿ ಆದ ಗಾಯವೆಂದು ಕಾರ್ಖಾನೆ ಪತ್ರ ಕೊಡಬೇಕು. ಪತ್ರ ಕೊಡುವವನು ಗಡಿಯಾರ.

ಅವನು ಅವಳನ್ನು ಮೆಟ್ಟಿಲ ಹತ್ತಿರ ಕರೆದ. ದನಿ ಮೆದುವಾಗಿತ್ತು.

"ಸ್ಟವ್ ಸಿಡೀತು ಅಂತ ಹೇಳು ದೊಡ್ಡಮ್ಮ. ಯಾರ ತಪ್ಪೂ ಅಲ್ಲ. ನಿನ್ನ ತಲೆ ಮೇಲಿಂದ ಕೇಸು ಹೋಗುತ್ತೆ."

"ಅವಳ ಪತ್ರ?"

"ನಿಮ್ಮನೆ ಸ್ಟವ್ ಸಿಡಿದ್ರೆ ನಾವ್ಯಾಕೆ ಪತ್ರ ಕೊಡ್ಬೇಕು?"

"ಥೂ, ನಿನ್ನ ಬಾಯಿಗೆ ಮಣ್ಣು ಹಾಕ. ನಮ್ಮನೇಲಿ ಸ್ಟವ್ವೇ ಇಲ್ವಲ್ಲೋ ಮುಂಡೇಮಗನೆ. ಕರೆಂಟ್ ಒಲೆ. ಬೆಂಕೀನೇ ಇಲ್ಲ." ಅಲ್ಲಿಂದಲೇ ಪೊಲೀಸಿನವನ ಕಡೆ ತಿರುಗಿದಳು. "ಬಂದು ನೋಡಿ ಸಾಹೇಬ್ರೇ. ಈಗಲೇ ಬನ್ನಿ. ಕಣ್ಣಾರೆ ನೋಡಿದ ಮೇಲೆ ಬರೀರಿ."

"ಇಲ್ಲ ಅಂದವರ್ಯಾರು? ಕೀಲಿ ಕೊಡು."

ಅವಳು ಆಸೆಯಿಂದಲೇ ಕೊಟ್ಟಳು.

ಠಾಣೆಯ ಬೆಂಚಿನ ಮೇಲೆ ಅವಳನ್ನು ಎರಡು ಗಂಟೆ ಕೂರಿಸಿದರು. ಜೀಪು ಮನೆ ಮುಟ್ಟಿದಾಗ ಬೀಗ ತೆಗೆದೇ ಇತ್ತು, ಗಡಿಯಾರ ಒಳಗೆ ನಿಂತಿದ್ದ. ಅಡಿಗೆ ಕಟ್ಟೆಯ ಮೇಲಿದ್ದ ಕರೆಂಟ್ ಒಲೆ ಕಾಣಲಿಲ್ಲ. ಅದರ ಜಾಗದಲ್ಲಿ ಒಂದು ಹಳೆಯ ಸೀಮೆಎಣ್ಣೆ ಸ್ಟವ್ ಕೂತಿತ್ತು.

ಪೊಲೀಸಿನವನು ಸುತ್ತ ನೋಡಿದ. "ಗೋಡೆ ಬೆಳ್ಳಗಿದೆಯಲ್ರೀ," ಎಂದು ಗಡಿಯಾರನಿಗೆ ಹೇಳಿ, ಸಿಗರೇಟು ಸೇದಲು ಹೊರಗೆ ಹೋದ.

ಗಡಿಯಾರ ಮಣಿಕಟ್ಟು ನೋಡಿಕೊಂಡ. ಒಂದು ಚಿಂದಿಯನ್ನು ಎಣ್ಣೆಯಲ್ಲಿ ಅದ್ದಿ, ಇಕ್ಕಳದಲ್ಲಿ ಹಿಡಿದು ಹೊತ್ತಿಸಿದ. ಗೋಡೆಗೆ ಸುಣ್ಣ ಹಚ್ಚುವವನಂತೆ ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ ಆಡಿಸಿದ. ಮಸಿ ನಾಲಿಗೆಯಂತೆ ಸೂರಿನವರೆಗೆ ಏರಿತು. ಜೀಪಿನಲ್ಲಿ ಜೊತೆಗೆ ಬಂದಿದ್ದ ಠಾಣೆಯ ಕ್ಯಾಮೆರಾದವನು ಬಾಗಿಲಲ್ಲಿ ಕಾಯುತ್ತ ನಿಂತಿದ್ದ.

ದೊಡ್ಡಮ್ಮ ಕೂಗಲಿಲ್ಲ. ಕೂಗಿದರೆ ಯಾರಿಗೆ ಕೇಳಿಸಬೇಕೋ ಅವನು ಹೊರಗೆ ಹೊಗೆ ಬಿಡುತ್ತಿದ್ದ. ನಲ್ಲಿ ತಿರುಗಿಸಿ ಒಂದು ಬಟ್ಟೆ ನೆನೆಸಿದಳು, ಹಿಂಡಿದಳು, ಗಡಿಯಾರನನ್ನು ಮೊಣಕೈಯಿಂದ ಸರಿಸಿ ಗೋಡೆ ಒರೆಸತೊಡಗಿದಳು.

"ಏಯ್, ಬಿಡೇ."

ಬಿಡಲಿಲ್ಲ. ಬೆನ್ನ ಹಿಂದೆ ಪೊಲೀಸಿನವನ ದನಿ ಒಳಗೆ ಬಂತು. "ಇರ್ಲಿ ಬಿಡ್ರಿ, ಒರೆಸ್ಲಿ. ಸಾಕ್ಷಿ ಅಳಿಸ್ತಾ ಇದ್ದಾಳೆ. ಮುಖ ಬರೋ ಹಾಗೆ ತೆಗಿಯಯ್ಯ."

ಕ್ಯಾಮೆರಾ ಮಿಂಚಿತು. ಅವಳ ಕೈ ಗೋಡೆಯ ಮೇಲೆ ನಿಂತಿತು. ಒರೆಸಿದರೆ ಒಂದು ಕೇಸು, ಬಿಟ್ಟರೆ ಇನ್ನೊಂದು. ಕಿಟಕಿಯ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು.

"ಪಕ್ಕಕ್ಕೆ ಸರಿಯಪ್ಪ," ಎಂದಳು ಕ್ಯಾಮೆರಾದವನಿಗೆ. "ಬೆಳಕಿಗೆ ಅಡ್ಡ ನಿಂತಿದ್ದೀಯ."

ಅವನು ಸರಿದು ನಿಂತು ಇನ್ನೊಂದು ತೆಗೆದ. ಅವಳು ಮತ್ತೆ ಉಜ್ಜಿದಳು. ಎಣ್ಣೆಮಸಿ ಒದ್ದೆ ಬಟ್ಟೆಗೆ ಬಿಡದೆ, ಉಜ್ಜಿದಷ್ಟೂ ಅಗಲವಾಗುತ್ತ ಹೋಯಿತು.